ಕಾಗದದ ಮೇಲಿಲ್ಲದ ಚುಕ್ಕೆಗಳು

ಭಾನುವಾರ, ಬೆಳಗ್ಗೆ

ನನ್ನ ಗುಬ್ಬಿಗೆ ಅಪ್ಪನ ಪ್ರೀತಿಯ ಆಶೀರ್ವಾದಗಳು.

ಶಸ್ತ್ರಚಿಕಿತ್ಸೆಯ ನಂತರ ನೀನು ಬೋರಲಾಗಿಯೇ ಮಲಗಿರಬೇಕೆಂದು ವೈದ್ಯರು ಕಟ್ಟಪ್ಪಣೆ ಮಾಡಿರುವುದರಿಂದ ಈ ಪತ್ರವನ್ನು ಅಳಿಯಂದಿರು ಓದಿ ಹೇಳುತ್ತಾರೆ. ಅವರು ತಡವರಿಸಿದರೆ ನಗಬೇಡ, ತಲೆ ಅಲುಗಬಾರದು.

ನಿನ್ನ ಹಣೆಯ ಮೇಲಿನ ಸರ್ಪಸುತ್ತಿನ ಗುಳ್ಳೆಗಳು ಆಗಷ್ಟೇ ಒಣಗಿದ್ದವು, ಕಣ್ಣಿನ ಕೆಂಪು ಇಳಿದಿರಲಿಲ್ಲ. ಆದರೂ ನೀನು ನನ್ನ ಪುಸ್ತಕದ ಕರಡು ತಿದ್ದಲು ಬಂದೆ. ನಿಮ್ಮೂರಿನ ಮುದ್ರಣಾಲಯದಲ್ಲಿ ದಿನವಿಡೀ ಕಂಡವರ ಕರಡು ತಿದ್ದುವವಳು, ಅಪ್ಪನಿಗಾಗಿ ರಜೆಯನ್ನೂ ಅದಕ್ಕೇ ಸುರಿದೆ. ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡು, "ಅಪ್ಪಾ, ಎಲ್ಲಾ ಕಡೆ ಮಸಿ ಚುಕ್ಕೆ ಬಿದ್ದಿದೆ ನೋಡು" ಎಂದು ಒಂದೊಂದಕ್ಕೂ ಪೆನ್ಸಿಲಿನಿಂದ ಸುತ್ತು ಹಾಕಿದೆ. ಹಾಳೆಯನ್ನು ನಾನು ಬೆಳಕಿಗೆ ಹಿಡಿದು ನೋಡಬೇಕಿತ್ತು. ನೋಡಲಿಲ್ಲ. ಅಚ್ಚಿನವನ ಕಿವಿ ಹಿಂಡಲು ಅವಕಾಶ ಸಿಕ್ಕಿತೆಂದು ಹಿಗ್ಗಿ, ನೇರವಾಗಿ ಅವನಲ್ಲಿಗೆ ಹೋದೆ.

"ಎಲ್ಲಿದೆ ಮೇಷ್ಟ್ರೇ ಚುಕ್ಕೆ? ಅಕ್ಕ ಬರೀ ಸೊನ್ನೆ ಸುತ್ತಿದಾರೆ. ನಿಮ್ಮ ಪುಸ್ತಕಕ್ಕೆ ಈಗಲೇ ಮಾರ್ಕ್ಸ್ ಕೊಟ್ಟುಬಿಟ್ರಾ?" ಎಂದು ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅವನೆದುರಿಗೇ ರಬ್ಬರಿನಿಂದ ಅಷ್ಟನ್ನೂ ಅಳಿಸಿ ಹಿಂದಿರುಗಿದೆ.

ವಾರ ಕಳೆಯುವಷ್ಟರಲ್ಲಿ ನಿನ್ನ ಬಲಗಣ್ಣಿಗೆ ಪರದೆ ಇಳಿಯಿತು. ಗುಳ್ಳೆ ಎಬ್ಬಿಸಿದ ವೈರಸ್ಸೇ ಕಣ್ಣಿನೊಳಕ್ಕೂ ಹೊಕ್ಕು ಅಕ್ಷಿಪಟಲವನ್ನು ಅಲ್ಲಲ್ಲಿ ತಿಂದುಹಾಕಿದೆ, ಅಂಟು ಬಿಟ್ಟ ಹಾಳೆಯಂತೆ ಅದು ಹಿಂದಿನ ಗೋಡೆಯಿಂದ ಕಳಚಿಕೊಂಡಿದೆ ಎಂದರು ವೈದ್ಯರು. ಚುಕ್ಕೆ ಕಂಡೊಡನೆ ಬಂದಿದ್ದರೆ ಔಷಧಿಯಿಂದಲೇ ತಡೆಯಬಹುದಿತ್ತೇನೋ. ಈಗ ಪಟಲ ಮತ್ತೆ ಕೂತರೂ, ಆ ಕಣ್ಣು ಓದೀತೆಂಬ ಭರವಸೆ ಅವರು ಕೊಡಲಿಲ್ಲ.

ಯಾಕಮ್ಮ ಇಷ್ಟು ತಡ ಎಂದು ಅವರು ಕೇಳಿದಾಗ ನೀನು, "ಚುಕ್ಕೆ ಕಾಗದದ ಮೇಲೇ ಇತ್ತು ಡಾಕ್ಟ್ರೇ, ನಮ್ಮಪ್ಪ ಪ್ರೆಸ್ಸಿಗೇ ಹೋಗಿ ವಿಚಾರಿಸಿಕೊಂಡು ಬಂದ್ರು" ಎಂದೆ. ಎಷ್ಟು ನಂಬಿಕೆಯಿಂದ ಹೇಳಿದೆ! ನಾನು ಬಾಗಿಲ ಬಳಿಯೇ ನಿಂತಿದ್ದೆ.

ವೈದ್ಯರು ಹೇಳಿದಂತೆ ಕೇಳು. ಪುಸ್ತಕದ ಚಿಂತೆ ಬೇಡ, ಕೆಲಸ ನಿಲ್ಲಿಸಿದ್ದೇನೆ.

ಇಂತು,
ನಿನ್ನ ಅಪ್ಪ

ಮರೆತ ಮಾತು: ಅಳಿಯಂದಿರೇ, ಇದನ್ನೂ ಬಿಡದೆ ಓದಿ. ಗುಬ್ಬೀ, ಅಂದು ಸಂಜೆ "ಪ್ರೆಸ್ಸಲ್ಲಿ ಏನಂದ್ರಪ್ಪಾ?" ಎಂದು ನೀನು ಕೇಳಿದೆ. "ಮಸಿಯೇ, ಒರೆಸಿದ್ದಾರೆ" ಎಂದೆ. ನಿನಗೆ ಅವಮಾನವಾಗದಿರಲೆಂದು ಹಾಗೆ ಹೇಳಿದೆನೆಂದು ನನಗೆ ನಾನೇ ನಂಬಿಸಿಕೊಂಡಿದ್ದೆ. ಅದಲ್ಲ. ಉಳಿದ ಪುಟಗಳನ್ನು ನೀನು ಮುಗಿಸಿಕೊಡಲೆಂದು ಹಾಗೆ ಹೇಳಿದೆ. ಸೋಂಕು ಎಡಗಣ್ಣಿಗೂ ಹರಡಬಹುದಂತೆ. ಅದರಲ್ಲಿ ಒಂದೇ ಒಂದು ಚುಕ್ಕೆ ಕಂಡರೂ ವೈದ್ಯರಲ್ಲಿಗೆ ಓಡು. ನನ್ನನ್ನು ಕೇಳಬೇಡ.