ಎದ್ದು ಬಾರದ ಮೇಲ್ವಿಚಾರಕಿ

ಮಾರ್ಚ್ ೧೧, ಮಂಗಳವಾರ

ನನ್ನ ಗುಬ್ಬಿಗೆ,

ಅಕ್ಕನ ಅಕ್ಷರ ಕಂಡ ಕೂಡಲೇ ಹರಿದುಹಾಕಬೇಡ. ಈ ನಾಲ್ಕು ವರ್ಷದಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸಿದ್ದು ಬಿಟ್ಟರೆ ನಾನು ಬೇರೇನೂ ಬರೆದಿಲ್ಲ. ನೀನು ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುತ್ತ ನಿಂತಿರುತ್ತೀಯ ಎಂದು ಚಿಕ್ಕಮ್ಮ ಹೇಳಿದಾಗಲೆಲ್ಲ "ಹೌದಾ, ಒಳ್ಳೇದಾಯ್ತು" ಎಂದು ಮಾತು ಬದಲಿಸುತ್ತೇನೆ. ಹದಿನಾಲ್ಕು ವರ್ಷ ರೋಗಿಗಳ ನಾಡಿ ಹಿಡಿದ ಕೈ ಅದು. ಅದನ್ನು ಅಲ್ಲಿಗೆ ಕಳಿಸಿದವಳು ನಾನು.

ನಮ್ಮ ಚರ್ಚಿನವರು ನಡೆಸುವ ಶಾಲೆ, ಆರೈಕೆ ಮನೆಗಳಿಗೆ ಹೊಸದಾಗಿ ಸೇರಿದವರಿಗೆ ಈಗಲೂ ನಾನೇ ಪಾಠ ಮಾಡುತ್ತೇನೆ. ವಿಷಯವೂ ಹಳೆಯದೇ: ಮೊದಲ ಕಾಲದ ಕ್ರೈಸ್ತರು ಅಧಿಕಾರವನ್ನು ಹೇಗೆ ಕಂಡರು, ಆಡಳಿತವನ್ನು ಹೇಗೆ ನಡೆಸಿದರು ಎಂಬುದು. "ಅಕ್ಕನ ಆಫೀಸಲ್ಲಿ ಸೀನೋಕೂ ಅರ್ಜಿ ಹಾಕ್ಬೇಕು, ಪಾಠ ಮಾತ್ರ ಸೇವೆ ಬಗ್ಗೆ" ಎಂದು ನೀನು ಎಲ್ಲರನ್ನೂ ನಗಿಸುತ್ತಿದ್ದೆಯಲ್ಲ, ಅದೇ ಪಾಠ.

ಕಳೆದ ಶನಿವಾರ ಬೈಬಲಿನ ಆ ವಿಧವೆಯರ ಪ್ರಸಂಗ ಹೇಳುತ್ತಿದ್ದೆ. ದಿನದಿನದ ಊಟ ಹಂಚುವಾಗ ತಮ್ಮ ಕಡೆಯ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಎಂದು ಕೆಲವರು ಗೊಣಗಿದರು. ಹಿರಿಯರು ಅವರ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿ ಹಂಚುವ ಕೆಲಸ ಒಪ್ಪಿಸಿದರು, ಹೆಸರು ನೋಡಿದರೆ ಆ ಏಳೂ ಜನ ದೂರು ಹೇಳಿದವರ ಕಡೆಯವರೇ. ಆಮೇಲೆ ಆ ಕಾಲದ ಸಭೆಗಳ ಒಂದು ಕಟ್ಟಳೆ ಹೇಳಿದೆ. ಸಭೆ ತುಂಬಿರುವಾಗ ಬಡ ಮುದುಕನೊಬ್ಬ ಬಂದು ಅವನಿಗೆ ಜಾಗವಿಲ್ಲದಿದ್ದರೆ ಮೇಲ್ವಿಚಾರಕ, ಅಂದರೆ ಬಿಷಪ್, ತಾನೇ ಎದ್ದು ಜಾಗ ಕೊಡಬೇಕು, ಬೇಕಾದರೆ ತಾನು ನೆಲದ ಮೇಲೆ ಕೂರಬೇಕು. ಇದನ್ನು ಹೇಳುವಾಗ ನನ್ನ ದನಿ ತಾನಾಗಿಯೇ ಮೆತ್ತಗಾಗುತ್ತದೆ. ಕೇಳುವವರ ಕಣ್ಣು ಒದ್ದೆಯಾಗುತ್ತದೆ. ನನಗೂ ಅದು ಗೊತ್ತು, ಅದಕ್ಕೇ ಹೇಳುತ್ತೇನೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬಳು ಎದ್ದು ನಿಂತಳು. ಶಾಲೆಗೆ ಹೊಸದಾಗಿ ಸೇರಿದ ಆಯಾ.

"ಮೇಡಂ, ನಿಜವಾಗ್ಲೂ ಎದ್ದು ಬರ್ತಿದ್ರಾ?" ಎಂದಳು. "ನಮ್ಮಪ್ಪ ಗಾರೆ ಕೆಲಸದವರು. ಉಸಿರು ಕಟ್ತಿದೆ ಅಂತ ನಾಲ್ಕು ವರ್ಷದ ಹಿಂದೆ ನಿಮ್ಮ ಆರೈಕೆ ಮನೆಗೆ ಕರ್ಕೊಂಡ್ ಬಂದಿದ್ದೆ. ಒಂದೂವರೆ ಗಂಟೆ ಬೆಂಚಿನ ಮೇಲೇ ಕೂರಿಸಿದ್ರು. ಒಬ್ಬ ನರ್ಸಮ್ಮ ಮಾತ್ರ ಪಾಪ, ಒಳಗೂ ಹೊರಗೂ ಓಡಾಡ್ತಾನೇ ಇದ್ರು. ನಾನು ಆರೈಕೆ ಮನೆಯವರ ಮೇಲೆ ದೂರು ಕೊಟ್ರೆ ಆ ನರ್ಸಮ್ಮನ ಕೆಲಸ ತೆಗೆದ್ರಂತೆ. ಅವರು ಎಲ್ಲಿದಾರೆ ಗೊತ್ತಾ ಮೇಡಂ? ನನ್ನಿಂದ ತಪ್ಪಾಯ್ತು ಅಂತ ಕೇಳ್ಕೋಬೇಕು."

ವಿಚಾರಿಸಿ ಹೇಳುತ್ತೇನೆ ಎಂದೆ. ನನ್ನ ಸ್ವಂತ ತಂಗಿಯ ವಿಳಾಸವನ್ನು ವಿಚಾರಿಸಿ ಹೇಳುತ್ತೇನೆ ಎಂದೆ, ಗುಬ್ಬಿ.

ಅವಳ ಅಪ್ಪ ಬಂದ ಆ ದಿನ ನೀನು ಮೂರು ಸಲ ನನ್ನ ಬಾಗಿಲು ತಟ್ಟಿದೆ. ಆಗ ಆರೈಕೆ ಮನೆಯ ಮೇಲ್ವಿಚಾರಕಿ ನಾನು. ನನ್ನ ಸಹಿ ಇಲ್ಲದೆ ಯಾರನ್ನೂ ವಾರ್ಡಿಗೆ ಸೇರಿಸಕೂಡದು ಎಂಬ ನಿಯಮ ನಾನೇ ಮಾಡಿದ್ದು. ಮೊದಲ ಸಲ "ಕಾಯಲಿ" ಎಂದೆ. ಎರಡನೆಯ ಸಲ ನೀನು ಹೊರಗಿನಿಂದಲೇ "ಅಕ್ಕಾ, ತುಟಿ ನೀಲಿಯಾಗ್ತಿದೆ" ಎಂದೆ. ನಾನು "ಇಲ್ಲಿ ಅಕ್ಕ ಅನ್ನಬೇಡ ಅಂತ ಎಷ್ಟು ಸಲ ಹೇಳೋದು" ಎಂದು ರೇಗಿದೆ. ಮೂರನೆಯ ಸಲ ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ನೀನೇ ಗಾಲಿಕುರ್ಚಿ ತಂದು ಅವರನ್ನು ಒಳಗೆ ಕರೆದೊಯ್ದು ಆಮ್ಲಜನಕ ಹಾಕಿದೆ. ಮಧ್ಯಾಹ್ನ ಮೂರಕ್ಕೆ ಅವರು ಹೋಗಿಬಿಟ್ಟರು. ಒಂದು ಗಂಟೆ ಮುಂಚೆ ಹಾಕಿದ್ದರೆ ಉಳಿಯುತ್ತಿದ್ದರೇನೋ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದರು.

ಒಳಗೆ ನಾನು ಏನು ಮಾಡುತ್ತಿದ್ದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಮೀಟಿಂಗ್ ಇತ್ತು ಎಂದು ಎಲ್ಲರಿಗೂ ಹೇಳಿದ್ದೆ. ಯಾವ ಮೀಟಿಂಗೂ ಇರಲಿಲ್ಲ. ಆಡಳಿತ ಸಮಿತಿಯವರೆದುರು ಓದಬೇಕಿದ್ದ ಭಾಷಣ ಬರೆಯುತ್ತಿದ್ದೆ. ಮುದುಕನಿಗೆ ಜಾಗ ಬಿಟ್ಟುಕೊಡುವ ಆ ಕಟ್ಟಳೆಯ ಭಾಗ ಚೆನ್ನಾಗಿ ಬರುತ್ತಿತ್ತು, ಎದ್ದರೆ ಓಟ ತಪ್ಪುತ್ತದೆ ಎನಿಸಿತು.

ವರದಿಯಲ್ಲಿ ನಾನು ಬರೆದದ್ದು ಎರಡೇ ಸಾಲು: ರೋಗಿಯನ್ನು ನರ್ಸ್ ಕಾಯಿಸಿದ್ದಾರೆ, ನನಗೆ ವಿಷಯ ತಿಳಿಸಿಲ್ಲ. ಗುಬ್ಬಿಯ ತಲೆಯ ಮೇಲೆ ಗೂಬೆ ಕೂರಿಸಿದೆ. ವಿಚಾರಣೆಯ ದಿನ ಉದ್ದ ಮೇಜಿನ ಆ ತುದಿಯಿಂದ ನೀನು ನನ್ನನ್ನೇ ನೋಡುತ್ತಿದ್ದೆ. ಸಮಿತಿಯ ಅಧ್ಯಕ್ಷರು "ನಿಮಗೇನಾದ್ರೂ ಹೇಳೋದಿದೆಯಾ" ಎಂದು ಕೇಳಿದಾಗಲೂ ನೀನು ಅವರ ಕಡೆ ತಿರುಗಲಿಲ್ಲ. "ನನ್ನ ಅಕ್ಕ ಹೇಳ್ತಾರೆ" ಎಂದಷ್ಟೇ ಅಂದೆ. ನಾನು ಕಡತದ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಮರುವರ್ಷ ನನ್ನನ್ನು ಎಲ್ಲ ಸಂಸ್ಥೆಗಳ ಆಡಳಿತಕ್ಕೆ ಏರಿಸಿದರು.

ನೀನು ಯಾಕೆ ಬಾಯಿ ಬಿಡಲಿಲ್ಲ ಎಂದು ಎಷ್ಟೋ ದಿನ ನಿನ್ನ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದೆ. ತಪ್ಪು ಮಾಡಿದವರ ಬುದ್ಧಿ ಹೇಗೆ ಓಡುತ್ತದೆ ನೋಡು. ನೀನು ನನಗೆ ಅವಕಾಶ ಕೊಟ್ಟಿದ್ದೆ, ಅಷ್ಟೆ.

ಈಗ ನಾನು ಮಾಡಿದ ತಪ್ಪನ್ನು ಆ ಆಯಾ ಹೊತ್ತುಕೊಂಡು ಓಡಾಡುತ್ತಿದ್ದಾಳೆ. ಇನ್ನು ನನ್ನಿಂದ ಆಗುವುದಿಲ್ಲ. ನಡೆದದ್ದನ್ನೆಲ್ಲ ಬರೆದು, ರಾಜೀನಾಮೆಯನ್ನೂ ಸೇರಿಸಿ ನಿನ್ನೆ ಸಮಿತಿಗೆ ಕೊಟ್ಟಿದ್ದೇನೆ. ನಿನ್ನ ಹೆಸರಿಗೆ ಹತ್ತಿದ ಮಸಿ ಅವರೇ ತೊಳೆಯಬೇಕು. ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ಆಯಾಳಿಗೆ ನಿನ್ನ ವಿಳಾಸ ಕೊಡಲೇ ಎಂದು ಮಾತ್ರ ಕೇಳುತ್ತೇನೆ.

ಇಂತಿ,
ಎಲ್ಲಿ ಬೇಕಾದರೂ ಅಕ್ಕ ಎಂದು ಕರೆಸಿಕೊಳ್ಳಲು ಕಾದಿರುವ
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮತ್ತೆ ಸುಳ್ಳು ಬರೆದೆ. ಸಮಿತಿಗೆ ಇನ್ನೂ ಕೊಟ್ಟಿಲ್ಲ. ನಿನ್ನೆ ಅಧ್ಯಕ್ಷರ ಮನೆಯ ಗೇಟಿನ ತನಕ ಹೋಗಿ ವಾಪಸು ಬಂದೆ. ಸಹಿ ಮಾಡಿದ ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ನನ್ನ ಬಳಿ ಪ್ರತಿ ಇಟ್ಟುಕೊಂಡಿಲ್ಲ. ನನ್ನ ಧೈರ್ಯ ನಂಬಿ ಕೂರಬೇಡ, ಗುಬ್ಬಿ, ನೀನೇ ಕೊಂಡೊಯ್ದು ಕೊಡು.