ಕುಟುಂಬಕ್ಕೆ ಮತ್ತೆ ಸೇರಿಸಿ

ಬುಧವಾರ, ಬೆಳಿಗ್ಗೆ

ರೀ,

ಬೇರೆ ಹೇಗೆ ಕರೆಯಬೇಕೋ ತಿಳಿಯದೆ ಹಳೆಯ ಅಭ್ಯಾಸದಂತೆಯೇ ಕರೆದಿದ್ದೇನೆ, ಸಿಟ್ಟಿನಲ್ಲಿ ಹರಿದು ಹಾಕಬೇಡಿ. ಇದು ವಿಚ್ಛೇದನದ ವಿಷಯವಲ್ಲ, ನನ್ನ ಅಮ್ಮನ ವಿಷಯ. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ. ನಿಮ್ಮ ರೆಕಾರ್ಡಿಂಗ್ ಸ್ಟುಡಿಯೋದ ಕೆಂಪು ದೀಪ ಉರಿಯುತ್ತಿದ್ದರೆ ದೇವರೇ ಬಂದರೂ ನೀವು ಬಾಗಿಲು ತೆಗೆಯುವವರಲ್ಲ. ಅದಕ್ಕೇ ಇದನ್ನು ಬಾಗಿಲಡಿ ತೂರಿಸಿ ಹೋಗುತ್ತಿದ್ದೇನೆ.

ಅಮ್ಮನಿಗೆ ಕಳೆದ ತಿಂಗಳು ಪಾರ್ಶ್ವವಾಯು ಬಡಿಯಿತು. ಕೈಕಾಲು ಪರವಾಗಿಲ್ಲ, ಮಾತು ಹೋಯಿತು. ಬೀದಿಯ ಮಕ್ಕಳಿಗೆಲ್ಲ ಬಾಯಿ ನೋಯುವಷ್ಟು ಕಥೆ ಹೇಳುತ್ತಿದ್ದವಳು ಈಗ ನೀರು ಬೇಕಾದರೂ ಲೋಟ ತೋರಿಸುತ್ತಾಳೆ. ನಿಮಗೆ ತಿಳಿಸಲಿಲ್ಲ, ಹಟ ಮಾಡಿದೆ. ಆ ಹಟ ಈಗ ಎಲ್ಲಿ ಹೋಯಿತೋ.

ಮಾತು ಕಲಿಸಲು ಬರುವ ಡಾಕ್ಟರಮ್ಮ ಮೊನ್ನೆ, ಅವರ ಹಳೆಯ ದನಿ ಎಲ್ಲಾದರೂ ಇದೆಯೇ ಎಂದು ಕೇಳಿದರು. ಪಕ್ಕದ ಮನೆಯಾಕೆಯ ಫೋನಿನಲ್ಲಿ ಅಮ್ಮನ ಕಥೆಗಳನ್ನು ಹಾಕುತ್ತಿದ್ದ ನಮ್ಮ ವೆಬ್‌ಸೈಟಿನ ಒಂದು ತುಣುಕು ಸಿಕ್ಕಿತು. ಕಾಗೆ ಹಾರಿಹೋಯ್ತು, ಆಮೇಲೆ ಏನಾಯ್ತು ಗೊತ್ತಾ ಎಂದು ತನ್ನದೇ ದನಿ ಕೇಳಿದ್ದೇ ತಡ, ಅಮ್ಮ 'ಗೊತ್ತಾ' ಅಂದಳು ರೀ! ಸ್ಪಷ್ಟವಾಗಿ ಅಂದಳು. ನಾನು ಅಡುಗೆಮನೆಗೆ ಓಡಿ ಅತ್ತುಬಿಟ್ಟೆ. ದಿನಾ ಕೇಳಿಸಿ ಜೊತೆಯಲ್ಲೇ ಹೇಳಿಸೋಣ, ತಡ ಮಾಡಬಾರದು, ಇದ್ದಷ್ಟೂ ಕಥೆ ತನ್ನಿ ಎಂದರು ಡಾಕ್ಟರಮ್ಮ.

ಎಲ್ಲಿಂದ ತರಲಿ? ವೆಬ್‌ಸೈಟು ಇಟ್ಟುಕೊಂಡಿದ್ದ ಕಂಪನಿ ಬಾಗಿಲು ಹಾಕಿದೆ. ಮನೆಯ ಕಂಪ್ಯೂಟರಿನ ಮೇಲೆ ಮಹಡಿಯ ನೀರಿನ ಪೈಪು ಒಡೆದು ಸುರಿಯಿತು. ಕಾಪಿ ಇಟ್ಟಿದ್ದ ಡಿಸ್ಕು ಎಲ್ಲಿತ್ತು ಹೇಳಿ? ಅದೇ ಮೇಜಿನ ಮೇಲೆ, ಕಂಪ್ಯೂಟರಿಗೆ ಒರಗಿಕೊಂಡು! ಎರಡೂ ಜೋಡಿಯಾಗಿ ಸ್ನಾನ ಮಾಡಿದವು. ನೀವು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ.

ಉಳಿದದ್ದು ನೀವು ಮಾಡಿಕೊಟ್ಟಿದ್ದ ಆನ್‌ಲೈನ್ ಬ್ಯಾಕಪ್ ಒಂದೇ, ಆ 'ಕುಟುಂಬ ಪ್ಲಾನು'. ತೆರೆದರೆ, ನಿಮ್ಮನ್ನು ಈ ಕುಟುಂಬದಿಂದ ತೆಗೆಯಲಾಗಿದೆ, ನಿಮ್ಮ ಫೈಲುಗಳು ಶುಕ್ರವಾರ ಅಳಿಸಿಹೋಗುತ್ತವೆ ಎಂದು ಬಂತು. ಕೋರ್ಟಿಗಿಂತ ಮೊದಲು ಯಂತ್ರವೇ ತೀರ್ಪು ಕೊಟ್ಟುಬಿಟ್ಟಿತಲ್ಲ! ಅವರಿಗೆ ಫೋನ್ ಮಾಡಿ ಗೋಗರೆದೆ. ಕುಟುಂಬದ ಯಜಮಾನರೇ ವಾಪಸ್ ಸೇರಿಸ್ಕೋಬೇಕು, ನಮ್ಮ ಕೈಲಿಲ್ಲ ಮೇಡಂ ಅಂದಳು ಆ ಕಡೆಯ ಹುಡುಗಿ. ಯಜಮಾನರು ಮನೆ ಬಿಟ್ಟು ಹೋಗಿದ್ದಾರಮ್ಮ ಎಂದರೆ, ಹಾಗಾದ್ರೆ ಅವರಿಗೇ ಒಂದು ಮಾತು ಹೇಳಿ ಅಂದಳು. ಹೇಳುತ್ತಿದ್ದೇನೆ.

ನೀವು ಬೇಕೆಂದು ಮಾಡಿರಲಾರಿರಿ. ಅಮ್ಮನ ಎದುರು ಮೈಕು ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದವರು ನೀವೇ. ನನ್ನ ಹೆಸರು ತೆಗೆದರೆ ನನ್ನ ಫೋಟೋ ಮಾತ್ರ ಹೋಗುತ್ತವೆ ಅಂದುಕೊಂಡಿರಬೇಕು. ಕಥೆಗಳನ್ನೂ ನನ್ನ ಹೆಸರಿನಲ್ಲೇ ಇಟ್ಟದ್ದು ಮರೆತುಹೋಗಿರಬೇಕು. ಫೋಟೋ ಹಾಳಾಗಲಿ. ದಮ್ಮಯ್ಯ ಅಂತೀನಿ, ಶುಕ್ರವಾರದೊಳಗೆ ಒಮ್ಮೆ ಆ 'ಸೇರಿಸು' ಒತ್ತಿ. ಕಥೆ ಇಳಿಸಿಕೊಂಡ ಮೇಲೆ ಬೇಕಿದ್ದರೆ ಮತ್ತೆ ತೆಗೆದುಹಾಕಿ, ಚಕಾರ ಎತ್ತುವುದಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಈಗ ನಾನೇ ಹೊಸ ಬ್ಯಾಕಪ್ ಹುಡುಕಿದೆ. ಒಂದು ಅಗ್ಗ, ಆದರೆ ಇಲ್ಲಿ ಅಳಿಸಿದರೆ ಅಲ್ಲೂ ಅಳಿಸಿಹೋಗುತ್ತದಂತೆ. ಆ ಸಂಪತ್ತಿಗೆ ಅದೇಕೆ ಬೇಕು! ಇನ್ನೊಂದು, ಮನೆಯ ಕಂಪ್ಯೂಟರನ್ನು ಮಾತ್ರ ನೋಡಿಕೊಳ್ಳುತ್ತದೆ, ವೆಬ್‌ಸೈಟು ಮುಟ್ಟುವುದಿಲ್ಲ. ಮೂರನೆಯದು ಎರಡನ್ನೂ ದೂರದ ಬೇರೆ ಊರಿನಲ್ಲಿ ಬೀಗ ಹಾಕಿ ಇಡುತ್ತದೆ, ಅಳಿಸಿದ್ದನ್ನೂ ಕೆಲಕಾಲ ಉಳಿಸಿಕೊಳ್ಳುತ್ತದೆ. ಅದನ್ನೇ ತೆಗೆದುಕೊಂಡೆ. ಒಳಗೆ ಇಡಲು ಮಾತ್ರ ನನ್ನ ಹತ್ತಿರ ಏನೂ ಇಲ್ಲ.

ನಿಮ್ಮ ಕಾಲಿಗೆ ಬೀಳುವುದೊಂದು ಬಾಕಿ, ಬೇಕಾದರೆ ಅದನ್ನೂ ಮಾಡುತ್ತೇನೆ. ಅಮ್ಮ ಕಿಟಕಿಯ ಹತ್ತಿರ ಕೂತು ಆ ಒಂದೇ ತುಣುಕನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದಾಳೆ. ಅದು ಮುಗಿದ ಕೂಡಲೇ ನನ್ನ ಮುಖ ನೋಡುತ್ತಾಳೆ. ನನಗೆ ತಡೆಯಲಾಗುತ್ತಿಲ್ಲ ರೀ.

ಇಂತಿ,
ಕೋರ್ಟು ಬೇಡ ಅನ್ನುವವರೆಗೂ ನಿಮ್ಮ ಹೆಂಡತಿ

ಹೇಳಲು ಮರೆತೆ: ಹೊಸ ಬ್ಯಾಕಪ್ಪಿನ ಪಾಸ್‌ವರ್ಡು ಕಳೆದುಹೋದರೆ ಆ ಕಂಪನಿಯವರಿಗೂ ತೆರೆಯಲು ಬಾರದಂತೆ. ಮನೆಯಿಂದ ಆಚೆ ಇರುವ, ನಿಮಗೆ ಪೂರ್ತಿ ನಂಬಿಕೆಯಿರುವ ಒಬ್ಬರ ಹತ್ತಿರ ಕೊಟ್ಟಿಡಿ ಎಂದಿದ್ದಾರೆ. ಗೊತ್ತಿರುವವರನ್ನೆಲ್ಲ ನೆನೆದು ನೋಡಿದೆ. ಹಾಳೆ ತಿರುಗಿಸಿ, ಪಾಸ್‌ವರ್ಡು ಹಿಂದೆ ಬರೆದಿದ್ದೇನೆ.