ಮೊದಲ ಸಾಲು, ಎಡದಿಂದ ಎರಡನೆಯವಳು

ಅಂಗಡಿಯಿಂದ,
೧೪ನೇ ತಾರೀಖು, ಭಾನುವಾರ ಬೆಳಿಗ್ಗೆ

ನನ್ನ ಜಾಣ ಸೊಸೆ ಗುಬ್ಬಿಗೆ,

ನಿನ್ನ ಮಾವ ಗಟ್ಟಿಮುಟ್ಟಾಗಿದ್ದಾನೆ. ಹಲ್ಲು ಮೂರು ಹೋಗಿವೆ, ಬಾಯಿ ಮಾತ್ರ ಪೂರ್ತಿ ಇದೆ. ಫೋನಿರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ನಡುನಡುವೆ ನಗುತ್ತೀ, ನನಗೆ ಹೇಳಬೇಕಾದ್ದು ಮರೆತು ಹೇಳಬಾರದ್ದು ಬಾಯಿಗೆ ಬರುತ್ತದೆ. ಕಾಗದವಾದರೆ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೋ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನು ನಾನು. ಅದನ್ನೇ ಎರಡು ಸಲ ಓದಿದ್ದರಿಂದ ಹದಿನಾಲ್ಕು ಅಂತಲೇ ಲೆಕ್ಕ.

ವಿಷಯಕ್ಕೆ ಬರುತ್ತೇನೆ. ಮುಂದಿನ ಶನಿವಾರ ಶಾಲೆಯವರು ತಮ್ಮ ಹಾಡಿನ ಟೀಚರನ್ನು, ಅಂದರೆ ನಿನ್ನ ಅಮ್ಮನನ್ನು, ನಿವೃತ್ತಿಯೆಂದು ಬೀಳ್ಕೊಡುವಾಗ, ಅವಳು ಹುಡುಗಿಯಾಗಿದ್ದಾಗ ಟಿವಿಯಲ್ಲಿ ಹಾಡಿದ ಟೇಪನ್ನು ಎಲ್ಲರೆದುರು ಹಾಕುತ್ತೇನೆ ಅಂತ ಬರೆದಿದ್ದೀ. ಟಿವಿ ಕೇಂದ್ರದ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದದ್ದನ್ನು ಆರು ತಿಂಗಳು ಬೆನ್ನು ಹತ್ತಿ ತರಿಸಿದ್ದೀ. ಅಮ್ಮನಿಗೆ ಹೇಳಿಲ್ಲ, ನೀನೂ ನೋಡಿಲ್ಲ, ಸೀಲು ಹಾಗೇ ಇದೆ, ಆ ದಿನ ಮಾವನೇ ಎದ್ದು ನಿಂತು ಅಕ್ಕ ಎಲ್ಲಿದ್ದಾಳೆಂದು ತೋರಿಸಬೇಕು ಅಂದಿದ್ದೀ.

ಗುಬ್ಬೀ, ಆ ಟೇಪು ಹಾಕಬೇಡ. ಯಾಕೆ ಅಂತ ಹೇಳಬೇಕಾದರೆ ಶುರುವಿನಿಂದಲೇ ಹೇಳಬೇಕು.

ನಮ್ಮ ಬೀದಿಗೆ ಮೊದಲ ಟಿವಿ ಬಂದದ್ದು ನಮ್ಮ ಮನೆಗೆ. ದರ್ಜಿಯಾಗಿದ್ದ ನಿನ್ನ ತಾತ ಅದನ್ನು ಹೊಲಿಗೆ ಮೇಜಿನ ಮೇಲೆ ಕೂರಿಸಿದರು, ಮಿಷನ್ನು ಮೂಲೆ ಸೇರಿತು. ಮರದ ಪೆಟ್ಟಿಗೆ, ಎರಡು ಕಡೆಯಿಂದ ಎಳೆಯುವ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ತಾತನ ಸೊಂಟದಲ್ಲಿ. ಅದಕ್ಕೊಂದು ಅಂಗಿಯನ್ನೂ ಹೊಲಿದರು, ಜೇಬು ಸಮೇತ. ಟಿವಿಗೆ ಜೇಬು ಯಾಕಪ್ಪ ಅಂದರೆ, ಬಟ್ಟೆ ಉಳಿದಿತ್ತು ಅಂದರು.

ಸಂಜೆ ಆರಾಯಿತೆಂದರೆ ಬೀದಿಗೆ ಬೀದಿಯೇ ನಮ್ಮ ನಡುಮನೆಯಲ್ಲಿ. ಕಾರ್ಯಕ್ರಮ ಶುರುವಾಗುವ ಮುಂಚೆ ಬರೀ ಗೆರೆ ತೋರಿಸುತ್ತಿದ್ದರಲ್ಲ, ಅದನ್ನೂ ಜನ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಇವತ್ತು ಗೆರೆ ಬಹಳ ಚೆನ್ನಾಗಿದ್ದವು ಅಂತ ಪೋಸ್ಟ್‌ಮ್ಯಾನ್ ಒಂದು ದಿನ ತಾತನ ಕೈ ಕುಲುಕಿ ಹೋಗಿದ್ದ.

ಆದರೆ ಚಿತ್ರ ಬರಬೇಕಾದರೆ ಮೂರು ಜನ ದುಡಿಯಬೇಕಿತ್ತು. ತಾತ ಪೆಟ್ಟಿಗೆಯ ಹಿಂದೆ, ತಿರುಗಣಿಗಳ ಮೇಲೆ ಕೈಯಿಟ್ಟು. ನಿನ್ನ ಅಮ್ಮ ಮಾಳಿಗೆಯ ಮೇಲೆ, ಆಂಟೆನಾ ಹಿಡಿದು. ನಡುವೆ ನಾನು, ಸೊಂಟದವರೆಗೆ ಕಿಟಕಿಯಿಂದ ಹೊರಗೆ. ಒಳಗಿನವರು ಬಂತು ಅಂದರೆ ಬಂತು, ಹೋಯಿತು ಅಂದರೆ ಹೋಯಿತು ಅಂತ ಮೇಲಕ್ಕೆ ಕೂಗುವುದು ನನ್ನ ಕೆಲಸ. ಕಿಟಕಿ ಮಾವ ಅನ್ನುವ ಬಿರುದು ಸುಮ್ಮನೆ ಬಂದದ್ದಲ್ಲ. ನಾನು ಕೂಗಿದರೆ ಮೂರು ಬೀದಿಯಾಚೆ ಮಲಗಿದ್ದ ಮಗು ಎದ್ದು ಕೂರುತ್ತಿತ್ತು.

ಆ ಆಂಟೆನಾಕ್ಕೆ ಒಂದು ರೋಗವಿತ್ತು. ತುದಿಯ ಕಡ್ಡಿಯನ್ನು ಯಾರಾದರೂ ಕೈಯಲ್ಲಿ ಹಿಡಿದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ಬಿಟ್ಟರೆ ಪರದೆ ತುಂಬ ಇರುವೆ. ಯಾಕೆ ಹಾಗೆ ಅಂತ ಈಗ ಕೇಳು, ಎರಡು ನಿಮಿಷದಲ್ಲಿ ಸರಿ ಮಾಡಿಕೊಡುತ್ತೇನೆ. ಈ ಊರಿನ ಅರ್ಧ ಟಿವಿಗಳ ಹೊಟ್ಟೆ ಕೊಯ್ದು ಹೊಲಿದ ಕೈ ಇದು. ಆಗ ನನಗೆ ಹತ್ತು ವರ್ಷ, ನನ್ನ ಕೈ ಕಂಬದ ಅರ್ಧಕ್ಕೂ ಎಟುಕುತ್ತಿರಲಿಲ್ಲ. ನಿನ್ನ ಅಮ್ಮ ಮಾತ್ರ ಹದಿನಾಲ್ಕಕ್ಕೇ ಬಾಗಿಲಿಗೆ ತಲೆ ಬಗ್ಗಿಸಿ ನಡೆಯುತ್ತಿದ್ದವಳು. ನಿಂತಲ್ಲಿಂದಲೇ ಕೈ ಚಾಚಿ ಹಿಡಿಯುತ್ತಿದ್ದಳು.

ಆ ವರ್ಷ ಅವಳು ಚಿಕ್ಕಮ್ಮನ ಮನೆಯಲ್ಲಿದ್ದು ಪಟ್ಟಣದ ಶಾಲೆಗೆ ಹೋಗುತ್ತಿದ್ದಳು. ಅವಳು ಊರಿಗೆ ಬಾರದ ದಿನ ನಮ್ಮ ಟಿವಿಯಲ್ಲಿ ಬರೀ ಇರುವೆಗಳದ್ದೇ ಕಾರ್ಯಕ್ರಮ. ಹಾಡುವ ಹುಡುಗಿಯರನ್ನು ಶಾಲೆಯವರು ಟಿವಿ ಕೇಂದ್ರಕ್ಕೆ ಕರೆದೊಯ್ಯುತ್ತಾರೆ ಅಂತ ಕಾಗದ ಬಂದದ್ದೇ ತಡ, ತಾತ ಗಿರಾಕಿಗಳ ಬಟ್ಟೆಯೆಲ್ಲ ಬದಿಗಿಟ್ಟು ಅವಳಿಗೊಂದು ಫ್ರಾಕು ಹೊಲಿದರು. ಕಾಲರಿಗೆ ಬಿಳಿ ಅಂಚು. ಆ ಅಂಚನ್ನು ಮೂರು ಸಲ ಬಿಚ್ಚಿ ಮೂರು ಸಲ ಹೊಲಿದರು. ಹಾಡು ಟಿವಿಯಲ್ಲಿ ಬರುವ ಹೊತ್ತಿಗೆ ರಜೆ, ಅಕ್ಕ ಊರಿನಲ್ಲೇ ಇದ್ದಳು.

ಆ ಸಂಜೆ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕಂಬ ನಾನೇ ಹಿಡಿಯುತ್ತೇನೆ, ಸ್ಟೂಲು ಹಾಕಿಕೊಳ್ಳುತ್ತೇನೆ, ನೀನು ಮುಂದೆ ಕೂತು ನೋಡು ಮಗಳೇ ಅಂತ ತಾತ ಎಷ್ಟೋ ಹೇಳಿದರು. ಆ ಕಂಬದ ಬುದ್ಧಿ ನಿಮಗೆ ಗೊತ್ತಿಲ್ಲಪ್ಪ ಅಂದವಳೇ ಏಣಿ ಹತ್ತಿಬಿಟ್ಟಳು. ಎಂಥಾ ತ್ಯಾಗ ನೋಡು ಅಂತ ಹೆಂಗಸರೆಲ್ಲ ಲೊಚಗುಟ್ಟಿದರು.

ಶಾಲೆಯ ಹೆಸರು ಹೇಳಿದ್ದು ಕೇಳಿಸಿತು. ವಾದ್ಯ ಶುರುವಾಯಿತು. ಆಮೇಲೆ ಬರೀ ಬುಸ್ ಅನ್ನುವ ಸದ್ದು. ಒಳಗಿನಿಂದ ಹೋಯ್ತು ಹೋಯ್ತು ಅಂತ ಬೊಬ್ಬೆ. ನಾನು ಗಂಟಲು ಹರಿಯುವಂತೆ ಕೂಗಿದೆ. ಮೇಲಿನಿಂದ ಉತ್ತರವಿಲ್ಲ. ತನ್ನ ಹಾಡು ಕೇಳಿ ಮೈಮರೆತಳು, ಕೈ ಜಾರಿತು ಅಂದುಕೊಂಡೆ. ಚಿತ್ರ ತಿರುಗಿ ಬಂದಾಗ ಪರದೆಯ ಮೇಲೆ ಒಬ್ಬ ಮನುಷ್ಯ ಗೊಬ್ಬರದ ವಿಚಾರ ಮಾತಾಡುತ್ತಿದ್ದ.

ಅಕ್ಕ ಇಳಿದು ಬಂದು ಬಾಗಿಲಲ್ಲಿ ನಿಂತಳು. ಯಾರೂ ಅವಳ ಮುಖ ನೋಡಲಿಲ್ಲ. ತಾತ ಪೆಟ್ಟಿಗೆಯ ಹಿಂದಿನಿಂದ ಬೆವರು ಸುರಿಸುತ್ತ ಎದ್ದರು. ಅವರ ಮುಖ ನೋಡಿದೆ ನೋಡು, ನನಗೆ ತಡೆಯಲಾಗಲಿಲ್ಲ.

"ನಾನು ನೋಡ್ದೆ. ಚಿತ್ರ ಹೋಗೋಕೆ ಮುಂಚೆ. ಮೊದಲ ಸಾಲು, ಎಡದಿಂದ ಎರಡನೆಯವಳು ನಮ್ಮಕ್ಕ," ಅಂದೆ.

ಆಮೇಲೆ ಪೋಸ್ಟ್‌ಮ್ಯಾನ್, ಹೌದು ಹೌದು, ನಕ್ಕಳು ಕೂಡ ಅಂದ. ಬೇಕರಿಯವನ ಹೆಂಡತಿ ಜಡೆಯ ರಿಬ್ಬನ್ನು ಕಂಡೆ ಅಂದಳು. ಐದು ನಿಮಿಷದಲ್ಲಿ ಅಕ್ಕನನ್ನು ಕಾಣದವರು ಆ ಮನೆಯಲ್ಲಿ ಒಬ್ಬರೂ ಉಳಿಯಲಿಲ್ಲ. ತಾತ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಕಾಲರು ಕಾಣಿಸ್ತೇನೋ?"

"ಮೊದಲು ಕಂಡಿದ್ದೇ ಕಾಲರು ಅಪ್ಪ."

ಕುತ್ತಿಗೆಯಲ್ಲಿದ್ದ ಅಳತೆಪಟ್ಟಿಯ ತುದಿಯಿಂದಲೇ ಕಣ್ಣೊರೆಸಿಕೊಂಡರು. ಅಕ್ಕ ನನ್ನನ್ನೇ ಬಹಳ ಹೊತ್ತು ನೋಡಿದಳು.

ಈಗ ನೀನೇ ಯೋಚನೆ ಮಾಡು. ನಾನು ಸೊಂಟದವರೆಗೆ ಕಿಟಕಿಯಿಂದ ಹೊರಗಿದ್ದವನು. ಟಿವಿಯ ಕಡೆಗಿದ್ದದ್ದು ನನ್ನ ಚಡ್ಡಿ ಮಾತ್ರ. ಅದಕ್ಕೆ ಕಣ್ಣಿರಲಿಲ್ಲ.

ನಲವತ್ತಾರು ವರ್ಷದಿಂದ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಅವಳ ಮದುವೆಯಲ್ಲಿ ಹೇಳಿದೆ, ನೀನು ಹುಟ್ಟಿದಾಗ ನಿನ್ನ ಕಿವಿಯಲ್ಲೂ ಹೇಳಿದೆ. ವರ್ಷಕ್ಕೊಂದು ರೆಕ್ಕೆ ಪುಕ್ಕ ಸೇರಿಸಿದೆ. ಈಗ ಟೇಪಿನಲ್ಲಿ ಅವಳು ಮೂರನೇ ಸಾಲಿನ ಬಲಗಡೆ ನಿಂತಿದ್ದರೆ ಊರೆದುರು ನನ್ನ ಮೂಗು ಹೋಗುತ್ತದೆ. ಅದು ಹೋಗಲಿ, ಎಷ್ಟೋ ಸಲ ಹೋಗಿದೆ, ತಿರುಗಿ ಬೆಳೆಯುತ್ತದೆ. ಆದರೆ ನಿನ್ನ ಅಮ್ಮ ಆ ದಿನದ ಚಿತ್ರ ನೋಡಿಯೇ ಇಲ್ಲ. ಅವಳ ಹತ್ತಿರ ಇರುವುದು ನಾನು ಹೇಳಿದ್ದು ಅಷ್ಟೇ. ಬೀಳ್ಕೊಡುಗೆಯ ದಿನವೇ, ಎಲ್ಲರೆದುರು, ಅದನ್ನೂ ಕಿತ್ತುಕೊಂಡರೆ ಹೇಗೆ ಹೇಳು? ಟೇಪು ಕೆಟ್ಟುಹೋಯಿತು ಅಂದುಬಿಡು. ಬೇಕಾದರೆ ನನ್ನ ಹತ್ತಿರ ಕಳಿಸು, ಯಾರಿಗೂ ಗುರುತು ಸಿಗದ ಹಾಗೆ ಕೆಡಿಸಿಕೊಡುತ್ತೇನೆ. ಆ ಕೆಲಸದಲ್ಲೂ ನನ್ನನ್ನು ಮೀರಿಸುವವರಿಲ್ಲ.

ನಿನ್ನ ಅಮ್ಮನಿಗೆ ಒಬ್ಬನೇ ತಮ್ಮ, ನಿನಗೆ ಒಬ್ಬನೇ ಮಾವ,
ಕಿಟಕಿ ಮಾವ

ತಾ.ಕ.: ಲಕೋಟೆಗೆ ಅಂಟು ಹುಡುಕುತ್ತಿದ್ದೆ, ಅಷ್ಟರಲ್ಲಿ ನಿನ್ನ ಅಮ್ಮ ಅಂಗಡಿಗೆ ಬಂದಳು. ಮೇಜಿನ ಮೇಲಿದ್ದ ಈ ಕಾಗದವನ್ನು ಅಕ್ಕನೆಂಬ ಹಕ್ಕಿನಿಂದ ಪೂರ್ತಿ ಓದಿದಳು. ನಿನ್ನ ಗುಟ್ಟು ರಟ್ಟಾಯಿತು, ಬೈಯಬೇಡ. ಚಡ್ಡಿಯ ಹತ್ತಿರ ನಕ್ಕಳು. ಕಾಲರಿನ ಹತ್ತಿರ ಸ್ಟೂಲಿನ ಮೇಲೆ ಕೂತಳು.

ಅವಳು ಆ ಟೇಪಿನಲ್ಲೇ ಇಲ್ಲವಂತೆ ಗುಬ್ಬೀ. ಅವಳು ಸಾಲಿನಲ್ಲಿ ನಿಂತರೆ ಒಂದೋ ಅವಳ ತಲೆ ಕಾಣುವುದಿಲ್ಲ, ಇಲ್ಲವೇ ಬೇರೆಯವರ ಕಾಲು ಕಾಣುವುದಿಲ್ಲ ಅಂತ ಕ್ಯಾಮೆರಾದವನು ಗೊಣಗಿದನಂತೆ. ಟೀಚರು ಕೈ ಹಿಡಿದು ಈಚೆ ಎಳೆದರಂತೆ. ಹಾಡು ಮುಗಿಯುವವರೆಗೂ ಫ್ರಾಕು ತೊಟ್ಟು ಕ್ಯಾಮೆರಾದ ಹಿಂದೆ ನಿಂತಿದ್ದಳಂತೆ. ಮೂರು ಸಲ ಅಂಚು ಬಿಚ್ಚಿದ ಅಪ್ಪನಿಗೆ ಇದನ್ನು ಹೇಗೆ ಹೇಳುವುದು? ಅದಕ್ಕೇ ಕಂಬ ಹಿಡಿಯಲು ಹೋದದ್ದು. ಹಾಡು ಶುರುವಾದ ಕೂಡಲೇ ಬೇಕೆಂದೇ ಕೈ ಬಿಟ್ಟದ್ದು.

"ನೀನು ಸುಳ್ಳು ಹೇಳ್ತಿದ್ದೀಯ ಅಂತ ಆವತ್ತೇ ಗೊತ್ತಿತ್ತು ಕಣೋ. ಇಲ್ಲದವಳನ್ನ ನೀನು ಹೇಗೆ ನೋಡ್ತೀಯ?" ಅಂದಳು. ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂತ ಕೇಳಿದೆ. "ನೀನು ಹೇಳಿದಾಗೆಲ್ಲ ಒಂದು ಸಲ ಆ ಸಾಲಲ್ಲಿ ನಿಂತು ಬರ್ತಿದ್ದೆ," ಅಂದಳು.

ನಾನು ಲಕೋಟೆ ಬದಿಗಿಟ್ಟು ಮತ್ತೆ ಪೆನ್ನು ಹಿಡಿದೆ.

ಟೇಪು ಹಾಕಲೇಬೇಕಂತೆ, ಇದು ಅವಳ ಆಜ್ಞೆ. ಅವಳ ಹಾಡಿನ ತರಗತಿಯಲ್ಲಿ ಉದ್ದ ಅಂತ, ಗಿಡ್ಡ ಅಂತ, ದನಿ ಒಡೆದಿದೆ ಅಂತ ಒಂದು ಮಗುವನ್ನೂ ಸಾಲಿನಿಂದ ತೆಗೆದದ್ದಿಲ್ಲ. ಯಾಕೆ ಅಂತ ಮಕ್ಕಳಿಗೆ ಆ ದಿನ ತಾನೇ ಹೇಳುತ್ತಾಳಂತೆ. ಹಾಗಾಗಿ ಹಾಕು. ನಾನೂ ಇಸ್ತ್ರಿ ಅಂಗಿ ತೊಟ್ಟು ಬರುತ್ತೇನೆ, ಮುಂದಿನ ಕುರ್ಚಿ ಇಡು. ನಿಮ್ಮಕ್ಕ ಎಲ್ಲಿ ಅಂತ ಯಾರಾದರೂ ಕೇಳಿದರೆ ಎದ್ದು ನಿಂತು ತೋರಿಸುತ್ತೇನೆ. ಪರದೆಯನ್ನಲ್ಲ, ಮೇಲೆ, ಅವಳು ಕಂಬ ಹಿಡಿದು ನಿಂತಿದ್ದ ಮಾಳಿಗೆಯನ್ನು.